ಗೋಣು ಹಾಕುವವನ ಕಣ್ಣಿನ ಆಪರೇಶನ್

ನಾನು ಅಂಜುಬುರುಕ ಎಂಬುದನ್ನು ಇಷ್ಟು ವರ್ಷ ಹೇಗೋ ಮುಚ್ಚಿಟ್ಟುಕೊಂಡು ಬಂದಿದ್ದೆ. ಇಂಜೆಕ್ಷನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಅಂಗೈ ಬೆವರುತ್ತದೆ. ಇದರ ಜೊತೆಗೆ ಇನ್ನೊಂದು ಚಟವಿದೆ, ಗೋಣು ಹಾಕುವುದು. ದುರ್ಗದಬೈಲಿನ ಸೀರೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವವನು ನಾನು. ಯಾರು ಯಾವ ಸೀರೆಯನ್ನು ಹೆಗಲಿಗೇರಿಸಿ 'ಒಪ್ಪತೈತೇನ್ರಿ?' ಎಂದರೂ ಬಾಯಿಗಿಂತ ಮೊದಲು ನನ್ನ ಗೋಣು ಹೂಂ ಎಂದುಬಿಡುತ್ತದೆ. ಮನೆಯಲ್ಲೂ ಅಷ್ಟೇ. ಹೆಂಡತಿ ಸುಗುಣಾ ಹೇಳಿದ್ದಕ್ಕೆಲ್ಲ ಗೋಣು ಹಾಕಿ, ಏನಕ್ಕೆ ಒಪ್ಪಿಕೊಂಡೆ ಎಂದು ಆಮೇಲೆ ಅವಳನ್ನೇ ಕೇಳುತ್ತೇನೆ.

ಕಳೆದ ಮದುವೆಯ ಹಂಗಾಮಿನಲ್ಲಿ ಅಮ್ಮಿನಬಾವಿಯಿಂದ ಒಂದು ಕುಟುಂಬ ಜವಳಿಗೆ ಬಂತು. ಗಾಢ ನೀಲಿ ಸೀರೆ ಬೇಕೆಂದರು, ತೆಗೆದುಕೊಟ್ಟೆ. 'ಇದು ನೀಲೀನ ಹೌದಲ್ರಿ? ಲೈಟಿನ್ಯಾಗ ತಿಳೀವಲ್ದು' ಎಂದರು ಹುಡುಗಿಯ ತಾಯಿ. ನಾನು ಗೋಣು ಹಾಕಿದೆ. ಮರುದಿನ ಆಕೆ ಸೀರೆ ಹಿಡಿದುಕೊಂಡು ವಾಪಸು ಬಂದರು. 'ಮದಿವಿ ಹುಡುಗಿಗೆ ಯಾರರ ಕರೀ ಸೀರಿ ಉಡಸ್ತಾರೇನ್ರಿ? ನಿಮ್ಮ ಗೋಣು ನಂಬಿ ಒಯ್ದಿದ್ವಿ!' ಅಂಗಡಿಯಲ್ಲಿ ನೆರೆದವರೆಲ್ಲ ನನ್ನ ಕಡೆ ತಿರುಗಿದರು. ಮಾಲೀಕರ ಮಗ ಮೆಲ್ಲಗೆ ಹೇಳಿದ: 'ಕಾಕಾ, ಮೊದಲ ಕಣ್ಣು ತೋರಿಸ್ರಿ. ಅಲ್ಲೀತನಕಾ ಧೋತರದ ಕಡೆ ಕುಂಡ್ರಿ.' ಧೋತರವೆಲ್ಲ ಬಿಳಿ, ಅಲ್ಲಿ ತಪ್ಪುವ ಭಯವಿಲ್ಲ. ಆದರೆ ಬಣ್ಣಗಳ ನಡುವೆ ಬದುಕಿದವನಿಗೆ ಆ ಮೂಲೆಯಲ್ಲಿ ಕುಳಿತಾಗ ಅಳುವೇ ಬಂತು.

ವಿದ್ಯಾನಗರದ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಈಗ ಹೊಲಿಗೆ ಹಾಕುವುದಿಲ್ಲವಂತೆ, ಸೂಜಿಯೂ ಇಲ್ಲವಂತೆ. ಹನಿ ಹಾಕಿ ಕಣ್ಣು ಜೋಮು ಹಿಡಿಸಿ, ಸಣ್ಣ ತೂತಿನಿಂದ ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆದು, ಮಡಚಿದ ಲೆನ್ಸನ್ನು ಒಳಗೆ ಬಿಡುತ್ತಾರಂತೆ. ಪುಡಿ ಮಾಡಿ ಎಂಬಲ್ಲಿಗೆ ನನ್ನ ಕಿವಿ ಕೆಲಸ ನಿಲ್ಲಿಸಿತು. 'ನೀವು ಎಚ್ಚರ ಇರ್ತೀರಿ. ತಲಿ ಮಾತ್ರ ಅಲ್ಲಾಡಸಬಾರದು, ತಿಳೀತಿಲ್ರಿ?' ಎಂದರು. ನಾನು ಗೋಣು ಹಾಕಿದೆ. ಡಾಕ್ಟರು ಒಂದು ಕ್ಷಣ ನನ್ನನ್ನೇ ನೋಡಿ, 'ಇದನ್ನ ನೋಡ್ರಿ ಮಾಡಬಾರದು ಅಂದದ್ದು' ಎಂದರು. ಮತ್ತೆ ಗೋಣು ಹಾಕಿದೆ.

ಅಂದಿನಿಂದ ನಿದ್ದೆ ಹಾರಿತು. ಒಂದು ಗೋಣಿಗೆ ಒಂದು ಕಣ್ಣು ಹೋಗುತ್ತದೆ ಎಂದೇ ಅನಿಸಿತು. ತಪ್ಪಿಸಿಕೊಳ್ಳೋಣವೆಂದರೆ ಸುಗುಣಾ ಆಗಲೇ ಚರ್ಚಿನಲ್ಲಿ ಪ್ರಾರ್ಥನೆಗೆ ನನ್ನ ಹೆಸರು ಕೊಟ್ಟಿದ್ದಳು. ಭಾನುವಾರ ಪಾಸ್ಟರು ವಾರ, ವೇಳೆ, ಬಲಗಣ್ಣು ಎನ್ನುವುದನ್ನೂ ಬಿಡದೆ ಸಭೆಗೆಲ್ಲ ತಿಳಿಸಿದರು. ಇಡೀ ಸಭೆ ಆಮೆನ್ ಅಂದಮೇಲೆ ಹಿಂದೆ ಸರಿಯುವುದು ಹೇಗೆ? ಮನೆಯಲ್ಲಿ ತಾಲೀಮು ಶುರುವಾಯಿತು. ನಾನು ಚಾಪೆಯ ಮೇಲೆ ಅಂಗಾತ ಮಲಗುವುದು, ಸುಗುಣಾ ಪ್ರಶ್ನೆ ಕೇಳುವುದು. 'ಚಹಾ ಬೇಕೇನ್ರಿ?' ಗೋಣು ಅಲುಗಿತು. 'ಬ್ಯಾಡೇನ್ರಿ?' ಅದಕ್ಕೂ ಅಲುಗಿತು. 'ದೇವರ ಕಾಯಬೇಕು ನಿಮ್ಮ ಕಣ್ಣು' ಎಂದು ಅವಳು ಎದ್ದು ಹೋದಳು. ಕಡೆಗೆ ಏನು ಕೇಳಿದರೂ ಉತ್ತರವನ್ನೇ ಕೊಡಬಾರದೆಂದು ನಿರ್ಧರಿಸಿದೆ.

ಆಪರೇಶನ್ ಥಿಯೇಟರಿನಲ್ಲಿ ಮುಖದ ಮೇಲೆ ಹಸಿರು ಬಟ್ಟೆ ಬಿತ್ತು. ಕಣ್ಣ ಮೇಲೆ ಬೆಳಕು ಬಿಟ್ಟರೆ ಬೇರೇನೂ ಇಲ್ಲ. 'ಆರಾಮದೀರೇನ್ರಿ?' ಡಾಕ್ಟರ ದನಿ. ನಾನು ಸುಮ್ಮನಿದ್ದೆ. 'ಯಜಮಾನ್ರ, ಕೇಳಸ್ತೈತಿಲ್ರಿ?' ಹಲ್ಲು ಕಚ್ಚಿಕೊಂಡೆ. ಯಂತ್ರದ ಸದ್ದು ನಿಂತಿತು. ಬಟ್ಟೆಯ ಕೆಳಗೆ ಒಂದು ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು, ನರ್ಸ್ ಸಿಸ್ಟರಿನದು. 'ಕಾಕಾರ, ಆರಾಮಿದ್ರ ನನ್ನ ಕೈ ಹಿಚಕ್ರಿ.' ಹಿಚುಕಿದೆ. ಮೂವತ್ತು ವರ್ಷದ ಗೋಣೆಲ್ಲ ಆ ಹಿಡಿತಕ್ಕೆ ಇಳಿಯಿತು. ಮುಗಿಯಿತು ಎನ್ನುವವರೆಗೂ ಬಿಡಲಿಲ್ಲ.

ಮರುದಿನ ಪಟ್ಟಿ ತೆಗೆದಾಗ ಮೊದಲು ಕಂಡದ್ದು ಸಿಸ್ಟರಿನ ಸೀರೆ. ಆಪರೇಶನ್ನಿಗೆ ಮೊದಲು ಕಪ್ಪೆಂದು ತಿಳಿದಿದ್ದೆ, ಅಚ್ಚ ನೀಲಿ! ನೀಲಿ ಇಷ್ಟು ನೀಲಿಯಾಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಕಣ್ಣು ಒರೆಸಿಕೊಳ್ಳಬಾರದೆಂದು ಹೇಳಿದ್ದರಿಂದ ನೀರನ್ನು ಹಾಗೇ ಇಳಿಯಲು ಬಿಟ್ಟೆ. 'ಇವರ್ನ ನೋಡ್ರಿ, ಒಂಚೂರೂ ಅಲ್ಲಾಡ್ಲಿಲ್ಲ' ಎಂದು ಡಾಕ್ಟರು ಉಳಿದ ಪೇಷಂಟುಗಳಿಗೆ ತೋರಿಸಿದರು. ನಾನು ಉಬ್ಬಿಹೋದೆ.

ಹೋದ ವಾರ ಎಡಗಣ್ಣಿನ ಸರದಿ. ಪಕ್ಕದ ಮಂಚದ ಮೇಲೆ ಗ್ಯಾರೇಜಿನ ಮೇಸ್ತ್ರಿಯೊಬ್ಬರು ಮೊದಲ ಆಪರೇಶನ್ನಿಗೆ ಕಾಯುತ್ತ ಸಣ್ಣಗೆ ನಡುಗುತ್ತಿದ್ದರು. 'ಅಂಜಬ್ಯಾಡ್ರಿ ಸಾಹೇಬ್ರ, ಏನೂ ಇಲ್ಲ ಅದರಾಗ. ನನ್ನ ನೋಡ್ರಿ, ಹೂವು ಎತ್ತಿದಂಗ ಆತು' ಎಂದು ಅರ್ಧ ಗಂಟೆ ಧೈರ್ಯ ತುಂಬಿದೆ. ಅವರ ನಡುಕ ಇನ್ನೇನು ನಿಲ್ಲುವುದರಲ್ಲಿತ್ತು. ಅಷ್ಟರಲ್ಲಿ ಅದೇ ಸಿಸ್ಟರ್ ಬಂದಳು, ನನ್ನನ್ನು ನೋಡಿದವಳೇ ಕೈ ಹಿಂದಕ್ಕೆ ಎಳೆದುಕೊಂಡು, ಬಿಗಿಯಾಗಿ ಸುತ್ತಿದ ಟವೆಲ್ಲೊಂದನ್ನು ನನ್ನ ಮುಷ್ಟಿಗೆ ತುರುಕಿದಳು.

'ಈ ಸಲ ಇದನ್ನ ಹಿಡ್ಕೋರಿ ಕಾಕಾರ. ಹೋದ ಸಲ ನಾಕು ದಿನ ನನ್ನ ಕೈಬಟ್ಟು ಮಡಚಾಕ ಬರಲಿಲ್ಲ.'

ಮೇಸ್ತ್ರಿ ಟವೆಲ್ಲನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

'ಸಿಸ್ಟರ, ಅಂಥಾದ್ದ ಇನ್ನೊಂದು ಐತೇನ್ರಿ?'