ನನಗೆ ಸುತ್ತಿದ ರುಮಾಲನ್ನು ಹಿಂಪಡೆದು ಹೆಂಡತಿಗೆ ಸುತ್ತುವ ಕುರಿತು

ಇಂದ:
ವಿಠೋಬಾ,
ಹಿಟ್ಟಿನ ಗಿರಣಿ ಮಾಲೀಕ (ಕಳೆದ ರವಿವಾರದಿಂದ ತಪ್ಪಾಗಿ ‘ಪ್ರೊಫೆಸರ್’),
ಕುರಕುಂಟಾ, ತಾ. ಸೇಡಂ.

ಗೆ:
ಶ್ರೀ ಶೌಕತ ಅಲಿ ಸಾಹೇಬರು,
ಗೌರವ ಕಾರ್ಯದರ್ಶಿಗಳು,
ನಿವೃತ್ತ ಗುರುಗಳ ಸನ್ಮಾನ ಸಮಿತಿ, ಸೇಡಂ.

ವಿಷಯ: ಹೆಂಡತಿಯ ಸೇವೆಗಾಗಿ ಗಂಡನಿಗೆ ಆಗಿರುವ ಸನ್ಮಾನವನ್ನು ರದ್ದುಪಡಿಸಿ, ಸಂಬಂಧಪಟ್ಟವರಿಗೇ ಮಾಡುವ ಬಗ್ಗೆ.

ಉಲ್ಲೇಖ: 1. ತಮ್ಮ ಆಮಂತ್ರಣದಲ್ಲಿನ ‘ದಂಪತಿ ಸಮೇತ ವೇದಿಕೆ ಅಲಂಕರಿಸಬೇಕು’ ಎಂಬ ಸಾಲು.
2. ಅಂದಿನಿಂದ ನನ್ನ ಹೆಂಡತಿ ನನ್ನನ್ನು ‘ಸರ್’ ಎಂದು ಕರೆಯುತ್ತಿರುವುದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ರವಿವಾರ ತಮ್ಮ ಸಮಿತಿಯು ಈ ವರ್ಷ ನಿವೃತ್ತರಾದ ಕುಲಪತಿಗಳೊಬ್ಬರನ್ನೂ ನಮ್ಮ ಭಾಗದ ಪ್ರಾಧ್ಯಾಪಕರೊಬ್ಬರನ್ನೂ ಸನ್ಮಾನಿಸಿತು. ಕುಲಪತಿಗಳದು ಸುಸೂತ್ರವಾಗಿ ನಡೆಯಿತು, ಅವರ ಮುಖ ಎಲ್ಲರಿಗೂ ಪರಿಚಿತ. ಎರಡನೆಯ ಹೆಸರು ನನ್ನ ಹೆಂಡತಿ ಡಾ. ಶಿವಕಾಂತಮ್ಮನವರದು. ಸದರಿಯವರು ಇತಿಹಾಸ ಕಲಿಸಿ, ಕೊನೆಗೆ ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ನೋಡಿಕೊಳ್ಳುವ ಕುಲಸಚಿವರಾಗಿ ನಿವೃತ್ತರಾದವರು. ನಾನು ಜೋಳ ಬೀಸುವವನು. ಮುಂದೆ ನಡೆದದ್ದು ಹೀಗಿದೆ:

1. ಮೊದಲ ಸಾಲಿನಲ್ಲಿ ಕಾಳಗಿಯಿಂದ ಬಂದ ನನ್ನ ದೊಡ್ಡಪ್ಪ ಕುಳಿತಿದ್ದರು. ನಕಲು ಮಾಡುವವರನ್ನೆಲ್ಲ ನಡುಗಿಸಿದ ನನ್ನ ಹೆಂಡತಿ ದೊಡ್ಡಪ್ಪನೆದುರು ಮಾತ್ರ ತಲೆಯ ಮೇಲೆ ಸೆರಗು ಹೊದೆಯುತ್ತಾಳೆ. ಆ ಕಾರಣ ಅವಳು ಸೆರಗು ಹೊದ್ದು ತಲೆತಗ್ಗಿಸಿ ಕುಳಿತಳು. ನಾನು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಮೀಸೆ ತಿದ್ದಿಕೊಂಡು ಪಕ್ಕದಲ್ಲಿ ಕುಳಿತೆ.

2. ತಡವಾಗಿ ಬಂದ ಮುಖ್ಯ ಅತಿಥಿಗಳು ಇಬ್ಬರನ್ನೂ ನೋಡಿ, ಮೀಸೆ ಇದ್ದ ಕಡೆಗೆ ಶಾಲು ಹೊದಿಸಿದರು. ಸೆರಗು ಇದ್ದ ಕಡೆಗೆ ಉಡಿ ತುಂಬಿಸಿದರು.

3. ನಾನು ಆಕ್ಷೇಪಿಸಲು ಯತ್ನಿಸಿದ್ದು ನಿಜ. ಆದರೆ ನನ್ನ ತಲೆಗೆ ಸನ್ಮಾನದ ರುಮಾಲು ಸುತ್ತುತ್ತಿದ್ದ ಸಾಯಬಣ್ಣ ನನ್ನ ಗದ್ದ ಹಿಡಿದುಕೊಂಡಿದ್ದ. “ಬಾಯಿ ಆಡಿಸಬ್ಯಾಡ್ರಿ ಸರ್, ಸುತ್ತು ಸಡ್ಲ ಆಗ್ತದ” ಎಂದ. ಆದ್ದರಿಂದ ಸತ್ಯ ಹೇಳುವುದು ತಾಂತ್ರಿಕವಾಗಿ ಸಾಧ್ಯವಾಗಲಿಲ್ಲ.

4. ಅತಿಥಿಗಳು ಭಾಷಣದಲ್ಲಿ, “ಸರ್ ಅವರು ಇಷ್ಟು ಎತ್ತರಕ್ಕೆ ಏರಲು ಈ ತಾಯಿ ಹೊತ್ತು ಹೊತ್ತಿಗೆ ಹಾಕಿದ ಬಿಸಿ ರೊಟ್ಟಿಯೇ ಕಾರಣ” ಎಂದರು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವನು ನಾನೆಂಬುದು ಕುರಕುಂಟಾಕ್ಕೆಲ್ಲ ಗೊತ್ತು. ಅವಳು ಒಮ್ಮೆ ಬಡಿದಿದ್ದಳು. ಆ ಬಗ್ಗೆ ಇಲ್ಲಿ ವಿವರಿಸುವುದಿಲ್ಲ.

5. ತಾವು ಅತಿಥಿಗಳ ಕಿವಿಯಲ್ಲಿ ಏನೋ ಹೇಳಹೋಗಿ ಅರ್ಧಕ್ಕೇ ಬಿಟ್ಟಿರಿ. ಆಮೇಲೆ ನನ್ನತ್ತ ಬಾಗಿ, “ಇರ್ಲಿ ಬಿಡ್ರಿ ವಿಠೋಬಣ್ಣ, ಇಬ್ರೂ ಒಂದೇ ಮನಿಯವ್ರೇ ಅಲ್ಲೇನ್ರಿ? ಊಟಕ್ಕ ಭಾಳ ಹೊತ್ತಾಗ್ಲಿಕತ್ತದ” ಎಂದಿರಿ. ಸಾಹೇಬರೇ, ಮನೆ ಒಂದೇ ಹೌದು. ದುಡಿದವಳು ಅವಳು.

ಪರಿಣಾಮವಾಗಿ, ಗಿರಣಿಗೆ ಬರುವ ಅಖ್ತರ ಬೇಗಂ, “ಪ್ರೊಫೆಸರ್ ಸಾಬ್, ಜ್ವಾಳ ಜರಾ ಸಣ್ಣಗ ಬೀಸ್ರಿ” ಎನ್ನುತ್ತಾರೆ. ಚಿತ್ತಾಪುರದಿಂದ ಯಾರೋ ಫೋನ್ ಮಾಡಿ, ಪರೀಕ್ಷಾ ಸುಧಾರಣೆಯ ಬಗ್ಗೆ ಉಪನ್ಯಾಸ ಕೊಡಲು ಕೇಳಿದ್ದಾರೆ. ಇವನ್ನೆಲ್ಲ ಸಹಿಸಬಹುದು. ಮನೆಯಲ್ಲಿ “ಸರ್, ಚಹಾ ತಗೋರಿ” ಎಂಬುದನ್ನು ಸಹಿಸಲಾಗದು.

ನಿನ್ನೆ ಕೇಳಿಯೇಬಿಟ್ಟೆ. ಅವಳೆಂದಳು: “ಅತಿಥಿಗಿ ಗೊತ್ತಿರಲಿಲ್ಲ, ಬಿಡ್ರಿ. ರುಮಾಲ ಸುತ್ತಿದ ಮ್ಯಾಲ ಮೈಕ್ ನಿಮ್ಮ ಕೈಯಾಗೇ ಕೊಟ್ಟಿದ್ರಲ್ಲ. ‘ಇದು ಇಕಿಂದು’ ಅಂತ ಒಂದು ಮಾತು ಅನ್ಲಿಕ್ಕ ಏನಾಗಿತ್ತು?”

ನಾನು ಮೈಕಿನಲ್ಲಿ “ಎಲ್ಲರಿಗೂ ಧನ್ಯವಾದ” ಎಂದಿದ್ದೆ. ಈ ಬಗ್ಗೆ ನನ್ನ ಬಳಿ ಯಾವುದೇ ಸಮಜಾಯಿಷಿ ಇರುವುದಿಲ್ಲ. ನಾಚಿಕೆ ಇದೆ.

ಇನ್ನೊಂದು ವಿಷಯವನ್ನೂ ತಮ್ಮ ಗಮನಕ್ಕೆ ತರಬೇಕಿದೆ. ಅವಳಿಗೆ ಡಾಕ್ಟರೇಟ್ ಬಂದ ದಿನ ಘಟಿಕೋತ್ಸವಕ್ಕೆ ಮನೆಯವರಿಗೆಂದು ಕೊಟ್ಟದ್ದು ಒಂದೇ ಪಾಸು. ಅದನ್ನು ನಮ್ಮ ಅಪ್ಪನಿಗೆ ಕೊಟ್ಟು, ನಾನು ಮಗಳನ್ನು ಎತ್ತಿಕೊಂಡು ಗೇಟಿನ ಹೊರಗೆ ನಿಂತಿದ್ದೆ. ಒಳಗಿನಿಂದ ಚಪ್ಪಾಳೆ ಕೇಳಿಬರುತ್ತಿತ್ತು. ಅವಳದು ಯಾವುದೆಂದು ತಿಳಿಯದೆ ಎಲ್ಲದಕ್ಕೂ ಹಿಗ್ಗಿದೆ. ಅವಳಿಗಾಗಿ ಒಮ್ಮೆಯಾದರೂ ಸಭೆಯಲ್ಲಿ ಕುಳಿತು ಚಪ್ಪಾಳೆ ಹೊಡೆಯಬೇಕೆಂದು ಅಂದಿನಿಂದ ಆಸೆ. ರವಿವಾರ ಅದಕ್ಕೆ ಕೊನೆಯ ಅವಕಾಶವಾಗಿತ್ತು. ಅಂದು ಚಪ್ಪಾಳೆಯ ಹೊತ್ತಿಗೆ ನನ್ನ ಎರಡೂ ಕೈಯಲ್ಲಿ ತಾವು ಕೊಟ್ಟ ಹಣ್ಣಿನ ಬುಟ್ಟಿ ಇತ್ತು.

ಆದ್ದರಿಂದ, ಸನ್ಮಾನವನ್ನು ಮತ್ತೊಮ್ಮೆ ಏರ್ಪಡಿಸಿ, ಅದೇ ರುಮಾಲನ್ನು ಅದೇ ಸಾಯಬಣ್ಣನಿಂದ ಡಾ. ಶಿವಕಾಂತಮ್ಮನವರ ತಲೆಗೆ ಸುತ್ತಿಸಬೇಕು. ಸೆರಗಿನ ಬಗ್ಗೆ ದೊಡ್ಡಪ್ಪನವರನ್ನು ವಿಚಾರಿಸಲಾಗಿದೆ. “ಸೆರಗ ತೆಗೀಲಿ. ಅದರ ಮ್ಯಾಲ ರುಮಾಲ ಕುಂದ್ರಂಗಿಲ್ಲ” ಎಂದು ಮೌಖಿಕ ಒಪ್ಪಿಗೆ ನೀಡಿದ್ದಾರೆ. ‘ದಂಪತಿ ಸಮೇತ’ ಎಂಬ ಸಾಲಿನಿಂದ ನನಗೆ ವಿನಾಯಿತಿ ಕೊಟ್ಟು, ಕೆಳಗೆ ಸಭೆಯಲ್ಲಿ ಒಂದು ಕುರ್ಚಿ ಮಂಜೂರು ಮಾಡಬೇಕಾಗಿ ಕೇಳಿಕೊಳ್ಳುತ್ತೇನೆ. ಕೈಗೆ ಏನನ್ನೂ ಕೊಡಬಾರದು.

ತಮ್ಮ ವಿಶ್ವಾಸಿ, ಹಾಗೂ ಡಾ. ಶಿವಕಾಂತಮ್ಮನವರ ಗಂಡ,
ವಿಠೋಬಾ

ಲಗತ್ತುಗಳು:
1. ರುಮಾಲು, ಸುತ್ತು ಬಿಚ್ಚದ ಸ್ಥಿತಿಯಲ್ಲಿ.
2. ಶಾಲು. ಸ್ವಲ್ಪ ಹಿಟ್ಟು ಹತ್ತಿದೆ.
3. ಬುಟ್ಟಿ. ಹಣ್ಣುಗಳು ಲಭ್ಯವಿರುವುದಿಲ್ಲ.

ವಿ.ಸೂ.: ಮರುಸನ್ಮಾನದ ದಿನ ಸಭೆಯಲ್ಲಿ ಉಳಿದವರೆಲ್ಲ ನಿಲ್ಲಿಸಿದ ಮೇಲೂ ಒಬ್ಬನ ಚಪ್ಪಾಳೆ ಕೇಳಿಬಂದಲ್ಲಿ, ದಯವಿಟ್ಟು ಯಾರೂ ಬಂದು ಸಾಕು ಎನ್ನಬಾರದು.