ಐವತ್ತೆಂಟು ಕೆಜಿಯ ಹೆಂಡತಿ

"ಮೂರೇ ಮೂರು ತಿಂಗಳು ಟೈಮ್ ಕೊಡು. ಈ ಮೆಟ್ಟಿಲಲ್ಲಿ ನಿನ್ನನ್ನ ನಾನೊಬ್ಬನೇ ಎತ್ಕೊಂಡು ಇಳೀದಿದ್ರೆ ಇನ್ಮೇಲೆ ನನ್ನನ್ನ ಗಂಡಸು ಅಂತ ಕರೀಬೇಡ!" ಎಂದು ತಕ್ಕಡಿ ರಿಪೇರಿಯವನು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ. ತಟ್ಟಿದ ಏಟಿಗೆ ಕೆಮ್ಮು ಹತ್ತಿ, ಹಾಸಿಗೆ ಪಕ್ಕದ ನೀರಿನ ಲೋಟವನ್ನು ಅವಳೇ ಅವನ ಕೈಗೆ ಕೊಡಬೇಕಾಯಿತು.

ಹೀಗೆ ಶಪಥ ಮಾಡುವುದಕ್ಕೆ ಕಾರಣವಿತ್ತು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹೆಂಡತಿಯನ್ನು ಆಸ್ಪತ್ರೆಯಿಂದ ಕರೆತಂದ ದಿನ, ಎರಡನೇ ಮಹಡಿಯ ಮನೆಗೆ ಹೊತ್ತು ಹತ್ತಲು ಇವನ ಕೈಲಾಗಲಿಲ್ಲ. ನಾಲ್ಕನೇ ಮೆಟ್ಟಿಲಿಗೇ ಗೋಡೆಗೊರಗಿ ನಿಂತುಬಿಟ್ಟ. ಕೆಳಮನೆಯ ಬಸ್ ಡ್ರೈವರ್ ಹಲ್ಲುಜ್ಜುತ್ತಿದ್ದವನು, ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಬಂದು ಅವಳನ್ನು ಎತ್ತಿಕೊಂಡು ಹೋದ. ಹಿಂದೆ ಇವನು ಅವಳ ಚಪ್ಪಲಿ ಹಿಡಿದುಕೊಂಡು ನಡೆದ.

ಅವಳ ಅಕ್ಕನ ಮನೆ ನೆಲಮಹಡಿಯಲ್ಲಿತ್ತು. ಮೆಟ್ಟಿಲ ಕಾಟವೇ ಇಲ್ಲ, ತಂಗಿ ಬಂದು ನನ್ನ ಜೊತೆಗೇ ಇರಲಿ ಎಂದು ಅಕ್ಕ ಅಂದೇ ಪಟ್ಟು ಹಿಡಿದಳು. ಮೂರು ತಿಂಗಳಿಗೆ ಮತ್ತೆ ಡಾಕ್ಟರಿಗೆ ತೋರಿಸಬೇಕಿತ್ತು. ಅವತ್ತು ಗಂಡ ಹೊತ್ತು ಇಳಿಸಿದರೆ ಅವಳು ಇಲ್ಲೇ ಇರುವುದು, ಆಗದಿದ್ದರೆ ಆಸ್ಪತ್ರೆಯಿಂದ ಸೀದಾ ಅಕ್ಕನ ಮನೆಗೆ ಹೋಗುವುದು ಎಂದು ಮಾತಾಯಿತು. ಇಪ್ಪತ್ತೇಳು ವರ್ಷದ ಸಂಸಾರ. ಅವಳಿಲ್ಲದ ಮನೆಯನ್ನು ನೆನೆದರೆ ಅವನಿಗೆ ಕೈಕಾಲು ತಣ್ಣಗಾಗುತ್ತಿತ್ತು.

ಆದರೆ ಎದುರಾಳಿಯ ತೂಕ ತಿಳಿಯದೆ ಅಖಾಡಕ್ಕಿಳಿಯುವ ಜಾಯಮಾನ ಅವನದಲ್ಲ. ಆಸ್ಪತ್ರೆಯ ಫೈಲು ತೆರೆದು ನೋಡಿದ. ಐವತ್ತೆಂಟು ಕೆಜಿ. ತಕ್ಕಡಿ ಪರೀಕ್ಷಿಸುವ ಇಪ್ಪತ್ತು ಕೆಜಿಯ ಕಬ್ಬಿಣದ ತೂಕದ ಕಲ್ಲುಗಳಲ್ಲಿ ಮೂರನ್ನು ಅಂಗಡಿಯಿಂದ ಹೊತ್ತು ತಂದ. ಮೂರೂ ಸೇರಿ ಅರವತ್ತು. ಮೇಲಿನ ಎರಡು ಕೆಜಿಯನ್ನು ಅವಳ ಬಟ್ಟೆಗೂ ಸಿಟ್ಟಿಗೂ ಬಿಟ್ಟ.

ಬೀದಿ ಕೊನೆಯ ಜಿಮ್ಮಿನ ಮಾಸ್ತರನ್ನು ಕೇಳಿದಾಗ, ದಿನಕ್ಕೆ ನೂರು ಗ್ರಾಂ ಪ್ರೋಟೀನ್ ಹೊಟ್ಟೆಗೆ ಬೀಳಬೇಕು, ಕ್ಯಾಲೊರಿ ಮಾತ್ರ ಹದ್ದು ಮೀರಬಾರದು ಎಂದರು. ತೋಳು ಬರಬೇಕು, ಬೊಜ್ಜು ಬರಬಾರದು. ಈ ಮಾತು ಅವನಿಗೆ ನಾಟಿತು. ಹೆಂಡತಿಯನ್ನು ಎದೆಗವಚಿಕೊಳ್ಳಲು ಹೋದರೆ ಯಾವಾಗಲೂ ಮೊದಲು ಅಡ್ಡ ಬರುತ್ತಿದ್ದದ್ದು ಅವನ ಹೊಟ್ಟೆಯೇ.

ಮರುದಿನದಿಂದ ಊಟದ ಮೇಜಿನ ಮೇಲೆ ಚಿನ್ನ ತೂಗುವ ತಕ್ಕಡಿ ಬಂದು ಕೂತಿತು, ಮೂಲೆಯಲ್ಲಿ ಅವನು ದಿನಾ ಹತ್ತಿ ನಿಂತು ತೂಗಿಕೊಳ್ಳುವ ಇನ್ನೊಂದು. ದಿನಕ್ಕೆ ಆರು ಮೊಟ್ಟೆ ಬೇಯಿಸಿ ಬಿಳಿ ಭಾಗವನ್ನಷ್ಟೇ ತಿನ್ನುತ್ತಿದ್ದ. ಹಾಲು ಬೇಕು, ಕೆನೆ ಬೇಡ. ಕೋಳಿ ಬೇಕು, ಅದರ ಚರ್ಮ ಬೇಡ. ಉಳಿದದ್ದನ್ನು ಬಿಸಾಡಲು ಹೇಳಿ, ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿ ಅಂಗಡಿಗೆ ಹೊರಡುತ್ತಿದ್ದ. ಅವಳು ಊಟದ ನಡುವೆ ಏನಾದರೂ ಹೇಳಹೊರಟರೆ ಕೈ ಎತ್ತಿ ತಡೆಯುತ್ತಿದ್ದ. ಮಾತಿಗೆ ಕೂತರೆ ಗ್ರಾಂ ತಪ್ಪುತ್ತದೆ ಎನ್ನುವುದು ಅವನ ವಾದ.

"ನಿಮ್ಮ ಜೊತೆ ಊಟಕ್ಕೆ ಕೂರೋದೂ ಒಂದೇ, ದಿನಸಿ ಅಂಗಡಿ ಮುಂದೆ ನಿಲ್ಲೋದೂ ಒಂದೇ," ಎಂದಳು ಅವಳು ಒಂದು ದಿನ. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ಎರಡು ತಿಂಗಳಿಗೆ ಹೊಟ್ಟೆ ಇಳಿಯಿತು, ಅದರ ಜೊತೆ ನಗುವೂ ಇಳಿಯಿತು. ಹರಳೆಣ್ಣೆ ಕುಡಿದ ಮುಖ ಹೊತ್ತು ಓಡಾಡತೊಡಗಿದ. ತೋಳಿನಲ್ಲಿ ಮಾತ್ರ ನಿಂಬೆಹಣ್ಣಿನ ಗಾತ್ರದ ಉಬ್ಬೊಂದು ಎದ್ದಿತು. ಮುಟ್ಟಿ ನೋಡು ಎಂದು ಹೆಂಡತಿಯ ಮುಂದೆ ತೋಳು ಚಾಚಿದರೆ, ಸೊಳ್ಳೆ ಏನಾದರೂ ಕಚ್ಚಿತೇ ಎಂದು ಕೇಳಿದಳು. ತಪಾಸಣೆಯ ಹಿಂದಿನ ಸಂಜೆ ಮೂರು ಕಲ್ಲುಗಳನ್ನೂ ಚೀಲಕ್ಕೆ ತುಂಬಿ, ಎದೆಗವಚಿಕೊಂಡು ಎರಡು ಸಲ ಮೆಟ್ಟಿಲಿಳಿದು ಹತ್ತಿದ. ಅರವತ್ತು ಕೆಜಿ ಅವನ ತೋಳಲ್ಲಿ ಕಮಕ್ ಕಿಮಕ್ ಎನ್ನಲಿಲ್ಲ.

ಬೆಳಿಗ್ಗೆ ಅಕ್ಕ ಬಾಡಿಗೆ ಕಾರು ತಂದು ಕೆಳಗೆ ಕಾಯುತ್ತಿದ್ದಳು. ಅವನು ಅಂಗಿಯ ತೋಳು ಮಡಿಸಿ, ಹೆಂಡತಿಯನ್ನು ಎತ್ತಿದ. ಎತ್ತಿದ ಗಳಿಗೆಗೇ ಏನೋ ಎಡವಟ್ಟಾಗಿದೆ ಎನಿಸಿತು. ಮೂವತ್ತು ವರ್ಷ ತಕ್ಕಡಿ ಹಿಡಿದ ಕೈ ಸುಳ್ಳು ಹೇಳುವುದಿಲ್ಲ. ಆರು ಮೆಟ್ಟಿಲು ಹೇಗೋ ಇಳಿದ. ಏಳನೆಯದಕ್ಕೆ ಕಾಲು ಬರಲಿಲ್ಲ. ಅವಳನ್ನು ಬೀಳಿಸಬಾರದೆಂದು ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕುಸಿದು, ಅವಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟ.

"ಎಷ್ಟಿದ್ದೀಯೇ ನೀನು?" ಎಂದ ಏದುಸಿರಿನಲ್ಲಿ.

"ನೀವು ದಿನಾ ಹತ್ತಿ ನಿಲ್ಲೋ ತಕ್ಕಡಿ ಮೇಲೆ ಮೊನ್ನೆ ನಾನೂ ನಿಂತೆ. ಎಪ್ಪತ್ತೊಂದು."

"ಅದು ಹೇಗೆ?"

"ದಿನಾ ಬಿಸಾಡು ಅಂತ ಹೇಳಿ ಹೋಗ್ತಿದ್ರಲ್ಲ. ಕಸದ ತೊಟ್ಟಿ ಇರೋದು ಕೆಳಗೆ. ನಾನು ಹೇಗೆ ಇಳೀಲಿ? ಮನೇಲಿಟ್ರೆ ನಾರುತ್ತೆ. ತಿಂದೆ."

ತೊಂಬತ್ತು ದಿನ, ದಿನಕ್ಕೆ ಆರು. ಐನೂರ ನಲವತ್ತು ಮೊಟ್ಟೆಗಳ ಹಳದಿ, ಮೇಲೆ ಕೆನೆ, ಮೇಲೆ ಕೋಳಿ ಚರ್ಮ. ತನ್ನ ಬಾಯಿಗೆ ಹೋದ ಪ್ರತಿ ಚೂರನ್ನೂ ತೂಗಿದವನು, ತಟ್ಟೆಯಿಂದ ಹೋದದ್ದು ಎಲ್ಲಿಗೆ ಹೋಯಿತೆಂದು ಒಂದು ದಿನವೂ ಕೇಳಿರಲಿಲ್ಲ. ಅವಳ ಮುಖವನ್ನು ಈಗ ಹತ್ತಿರದಿಂದ ನೋಡಿದ. ಕೆನ್ನೆ ತುಂಬಿಕೊಂಡಿತ್ತು, ಕಣ್ಣು ಬಾಡಿತ್ತು. ಮೂರು ತಿಂಗಳಿಂದ ತಾನು ಈ ಮುಖವನ್ನು ನೋಡೇ ಇಲ್ಲ ಎಂದು ಹೊಳೆದು ಅವನಿಗೆ ಅಳು ಬಂತು.

"ಮೊದಲೇ ಹೇಳಬಾರದಿತ್ತಾ?"

"ಯಾವಾಗ ಹೇಳ್ಲಿ? ಬಾಯಿ ತೆಗೆದ್ರೆ ಗ್ರಾಂ ತಪ್ಪುತ್ತಿತ್ತು."

ಅಕ್ಕ ಮೇಲೆ ಬಂದು ಇಬ್ಬರನ್ನೂ ನೋಡಿ, ಕಾರಿನ ಚಾಲಕನನ್ನು ಕೂಗಿದಳು. ಒಂದು ಕುರ್ಚಿ ತರಿಸಿ, ಅದರಲ್ಲಿ ಅವಳನ್ನು ಕೂರಿಸಿ, ಚಾಲಕ ಒಂದು ಕಡೆ, ಅವನು ಒಂದು ಕಡೆ ಹಿಡಿದು ಇಳಿಸಿದರು. ಅವಳ ಬಟ್ಟೆಯ ಪೆಟ್ಟಿಗೆ ಆಗಲೇ ಕಾರಿನ ಹಿಂಬದಿಯಲ್ಲಿತ್ತು. ತಂಗಿಯ ನಂಬಿಕೆ ಏನಿತ್ತೋ, ಅಕ್ಕನಿಗಂತೂ ಅವಳ ಗಂಡನ ತೋಳಿನ ಮೇಲೆ ಭರವಸೆಯಿರಲಿಲ್ಲ.

ಅವನು ಕಾರಿನ ಕಿಟಕಿ ಹಿಡಿದುಕೊಂಡು, ಮತ್ತೆ ಯಾವಾಗ ಬರುತ್ತೀಯೆ ಎಂದು ಕೇಳಿದ.  ಅವಳು ಕಿಟಕಿಯಿಂದ ಕೈ ಹೊರಗಿಟ್ಟು, ಅವನ ತೋಳಿನ ನಿಂಬೆಹಣ್ಣನ್ನು ಒಮ್ಮೆ ಒತ್ತಿ ನೋಡಿದಳು.

"ಗಟ್ಟಿಯಾಗೇ ಇದೆ ರೀ," ಎಂದಳು. "ಐವತ್ತೆಂಟು ಕೆಜಿಯ ನನ್ನನ್ನ ಇದು ಆರಾಮಾಗಿ ಎತ್ತುತ್ತಿತ್ತು. ನಿಮ್ಮ ಹಳದಿ ನೀವೇ ತಿಂದಿದ್ರೆ ಸಾಕಿತ್ತು."