ಕರೆಂಟು ಕೊಡದ ಸೌರಫಲಕದವರಿಗೆ

ಬಳ್ಳಾರಿ, ಏಪ್ರಿಲ್ ೨೦೦೮

ಮಾನ್ಯರೇ,

ನಮ್ಮ ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಒರಗಿ ಕುಳಿತಿರುವ ತಮಗೆ, ಕೆಳಗಿನ ಮನೆಯ ಯಜಮಾನನೂ, ಒಂದೇ ಒಂದು ಟಿಪ್ಪರಿನ ಮಾಲೀಕನೂ, ಅದಿರು ಲಾರಿ ಮಾಲೀಕರ ಸಂಘದ ಜಂಟಿ ಕಾರ್ಯದರ್ಶಿಯೂ ಆದ ಮುಸ್ತಾಕನ ಸಲಾಮುಗಳು. ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ತಮ್ಮನ್ನು ಕ್ಷೇಮವಾಗಿಡಲು ನಾನು ಪಟ್ಟ ಪಾಡು ತಮಗೂ ಗೊತ್ತು. ಆದರೂ ತಾವು ಮೂರು ದಿನ ಚೂರೂ ಕರೆಂಟು ಕೊಡದೆ ಕುಳಿತದ್ದು ಯಾವ ನ್ಯಾಯ ಎಂದು ಹೀಗೆ ಬಹಿರಂಗ ಪತ್ರ ಬರೆದು ಊರಿನವರ ಎದುರೇ ಕೇಳಬೇಕಾಗಿ ಬಂದದ್ದಕ್ಕೆ ವಿಷಾದಿಸುತ್ತೇನೆ.

ತಾವು ಈ ಮನೆಗೆ ಬಂದದ್ದು ನನ್ನ ತಾಯಿ ದಾವಲಬೀಗಾಗಿ. ಆಕೆಗೆ ದಮ್ಮಿನ ಕಾಯಿಲೆ. ತನ್ನೂರು ಕುರುಗೋಡಿನಲ್ಲಿ ಬೇವಿನ ನೆರಳಿನಲ್ಲಿ ಹೇಗೋ ಉಸಿರಾಡಿಕೊಂಡಿದ್ದವಳನ್ನು, ದೊಡ್ಡಾಸ್ಪತ್ರೆ ಹತ್ತಿರವಿದೆ, ಮನೆಯಲ್ಲೇ ಔಷಧದ ಹಬೆ ಕೊಡುವ ಮಷಿನ್ ಇಡಿಸುತ್ತೇನೆ ಎಂದು ಪುಸಲಾಯಿಸಿ ಕರೆತಂದವನು ನಾನು. ಹಗಲಿಡೀ ಅದಿರು ಲಾರಿಗಳು ಓಡುವ ಈ ರಸ್ತೆಯ ಕೆಂಧೂಳಿಗೆ ಅವಳ ದಮ್ಮು ಇಮ್ಮಡಿಯಾಯಿತು. ಮಷಿನ್ ತಂದರೆ ಕರೆಂಟಿರಲಿಲ್ಲ. ಸಿರುಗುಪ್ಪದ ಬೀಗರ ಮನೆಯ ಮೇಲೆ ತಮ್ಮ ಕುಲದವರನ್ನು ಕಂಡು, ಬ್ಯಾಟರಿಸಮೇತ ತಮ್ಮನ್ನು ಬರಮಾಡಿಕೊಂಡೆ. ಎಲ್ಲ ಸರಿ, ಧೂಳಿಗೇನು ಮಾಡುತ್ತೀರಿ ಎಂದು ನನ್ನ ಹೆಂಡತಿ ಫರ್ಜಾನಾ ಕೇಳಿದಾಗ, ವಿಜ್ಞಾನ ಇಷ್ಟು ಮುಂದುವರಿದಿರುವಾಗ ಧೂಳಿನ ಮಾತೇಕೆ ಎಂದು ನಕ್ಕೆ. ಸಂಘದ ಪರಿಸರ ದಿನದ ಸಭೆಯಲ್ಲೂ ಇದನ್ನೇ ಅರ್ಧ ಗಂಟೆ ಭಾಷಣ ಮಾಡಿದ್ದೆ. ಬಿಳಿ ಅಂಗಿಯಲ್ಲಿ ವೇದಿಕೆ ಹತ್ತಿದವನು ಇಳಿಯುವಾಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದೆ.

ತಮ್ಮನ್ನು ಕೂರಿಸಿದ ಓಬಣ್ಣ, ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಅಷ್ಟೇ ಸೇವೆ ಎಂದು ಹೇಳಿ ಹೋದ. ಒಂದು ವಾರ ಒರೆಸಿದೆವು. ಎಂಟನೆಯ ದಿನ ಫರ್ಜಾನಾ ಬಟ್ಟೆಯನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಆಗ, ಹೊಸ ಟಿ.ವಿ.ಗೂ ಬಟ್ಟೆ ಹೊದಿಸುವ ಮನೆತನದವನಾದ ನನಗೆ ಒಂದು ಮಹಾ ಉಪಾಯ ಹೊಳೆಯಿತು. ಅದಿರಿನ ಮೇಲೆ ಹೊದಿಸಲೆಂದು ಟಿಪ್ಪರಿನಲ್ಲಿಟ್ಟಿದ್ದ ತಾಡಪತ್ರಿಯನ್ನು ತಂದು, ಒಂದು ಕಣ ಧೂಳೂ ತಾಗದಂತೆ ತಮಗೆ ಹೊದಿಸಿ, ನಾಲ್ಕೂ ಮೂಲೆ ಬಿಗಿದು ಕಟ್ಟಿದೆ. ಬಿಸಿಲೇರಿದ ಮೇಲೆ ತೆಗೆದರಾಯಿತು ಎಂದುಕೊಂಡವನು ಮೂರು ದಿನ ಮರೆತೆ. ಗಾಡಿಗೆ ಹೊದಿಕೆಯಿಲ್ಲವೆಂದು ಡ್ರೈವರ್ ಕೆಂಚಣ್ಣ ನೆನಪಿಸಿದ್ದ. ಯಾರು ನೋಡುತ್ತಾರೆ, ಹೊಡಿ ಎಂದಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು, ಅಮ್ಮನ ಉಸಿರು ಸಿಕ್ಕಿಕೊಂಡಿತು, ತಮ್ಮ ಬ್ಯಾಟರಿ ಬರಿದಾಗಿದ್ದರಿಂದ ಮಷಿನ್ ಒಂದು ಸಲ ಗುರ್ ಎಂದು ಸುಮ್ಮನಾಯಿತು. ಅವಳ ತುಟಿ ನೀಲಿಯಾಯಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟರೆ ಮುಂದೊಂದು ಟಿಪ್ಪರ್, ದಾರಿ ಬಿಡದೆ, ಹೊದಿಕೆಯಿಲ್ಲದೆ, ನಮ್ಮ ಮೇಲೆ ಅದಿರಿನ ಪುಡಿ ಸುರಿಸುತ್ತ ಸಾಗಿತ್ತು. ಅದರ ಮಾಲೀಕನ ಏಳೇಳು ತಲೆಮಾರನ್ನೂ ಬೈಯುತ್ತ ಹತ್ತಿರ ಹೋದಾಗ ಹಿಂದಿನ ಹಲಗೆಯ ಮೇಲೆ ನಾನೇ ನಿಂತು ಬರೆಸಿದ ಅಕ್ಷರಗಳು ಕಂಡವು: ಅಮ್ಮನ ದುವಾ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಅದನ್ನೇ ನೋಡುತ್ತಿದ್ದಳು.

ಸಂಜೆ ಉಸಿರು ಹದಕ್ಕೆ ಬಂದ ಮೇಲೆ ಅವಳು ಹೇಳಿದ್ದಿಷ್ಟು: "ಮಷಿನ್ ಚಲೋ ಅದಾವಲೇ ಮುಸ್ತಾಕ. ಆ ತಾಡಪತ್ರಿ ಗಾಡಿಗೆ ಹೊಚ್ಚು. ನನಗ ಕಫನ್ ಹೊಚ್ಚಾಕ ಇನ್ನಾ ಟೈಮ್ ಐತಿ."

ಆದ್ದರಿಂದ ಮಾನ್ಯರೇ, ದೂರನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ತಾಡಪತ್ರಿ ಗಾಡಿಗೆ ಮರಳಿದೆ. ತಮ್ಮನ್ನು ದಿನಾ ನಾನೇ ಒರೆಸುತ್ತಿದ್ದೇನೆ. ಉಳಿದರ್ಧಕ್ಕೆ ಪರಿಹಾರವಾಗಿ ತಾವು ದಯಮಾಡಿ ಸ್ವತಃ ಮೈ ಒರೆಸಿಕೊಳ್ಳುವುದನ್ನು ಕಲಿಯಬೇಕು. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲಗಳಿರುವ ಈ ಊರಿನಲ್ಲಿ ಬಿಸಿಲಿನ ಜೊತೆ ಧೂಳಿನಿಂದಲೂ ಕರೆಂಟು ತೆಗೆಯಬೇಕು. ಸಾಧ್ಯವಾದರೆ, ಹೊದಿಕೆಯಿಲ್ಲದ ಗಾಡಿ ಕಂಡೊಡನೆ ಅದರ ಮಾಲೀಕನ ಮನೆಯಲ್ಲಿ ಅವನ ತಾಯಿ ಕೆಮ್ಮುವ ಸದ್ದು ಅವನಿಗೆ ಕೇಳಿಸುವಂತೆ ಮಾಡಬೇಕು. ಇಷ್ಟು ತಮ್ಮಿಂದಾದರೆ ನಾವು ಏನನ್ನೂ ಮಾಡದೆ ಹಾಯಾಗಿರಬಹುದು. ನಮ್ಮ ಆಸೆಯೂ ಅದೇ.

ಇಂತು, ಬೆಳಿಗ್ಗೆ ಬಕೆಟ್ಟಿನೊಡನೆ ತಮ್ಮೆದುರು ನಿಲ್ಲುವ,
ತಮ್ಮ ವಿಶ್ವಾಸಿ,
ಮುಸ್ತಾಕ್

ತಾ.ಕ.: ಪ್ರತಿ ಸದಸ್ಯರ ಮಾಳಿಗೆಗೂ ಒಂದು ಸೌರಫಲಕ ಹಾಕಿಸಬೇಕೆಂದು ನಿನ್ನೆ ನಮ್ಮ ಸಂಘ ಒಕ್ಕೊರಲಿನಿಂದ ಠರಾವು ಮಾಡಿತು. ತಾಡಪತ್ರಿಯ ವಿಷಯವನ್ನು ಸಮಯದ ಅಭಾವದಿಂದ ಮುಂದಿನ ವರ್ಷಕ್ಕೆ ಹಾಕಲಾಯಿತು. ಜಂಟಿ ಕಾರ್ಯದರ್ಶಿಯಾಗಿ ನಡಾವಳಿ ಬರೆದು ಸಹಿ ಹಾಕಿದವನು ನಾನೇ. ಮನೆಗೆ ಬಂದು ಅದನ್ನು ಅಮ್ಮನಿಗೆ ಓದಿ ಹೇಳಿದೆ. ಕುರುಗೋಡಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.